ಎಡಗಾಲಿಗೆ ಐದು, ಬಲಗಾಲಿಗೆ ಮೂರು

ಭಾನುವಾರ, ಮಧ್ಯಾಹ್ನ

ನಿಮಗೆ,

'ಪ್ರೀತಿಯ' ಎಂದು ಬರೆಯಲು ಹೋದೆ, ಪೆನ್ನು ಒಪ್ಪಲಿಲ್ಲ. 'ಮಾನ್ಯರೇ' ಎಂದರೆ ನೀರು ಬರುತ್ತಿಲ್ಲವೆಂದು ಕಚೇರಿಗೆ ದೂರು ಬರೆದ ಹಾಗಾಗುತ್ತದೆ. ಆದ್ದರಿಂದ ಬರೀ ನಿಮಗೆ. ನಿಮ್ಮ ಮಂಡಿನೋವು ಹೇಗಿದೆ ಎಂದು ಕೇಳುವುದಿಲ್ಲ. ಕೇಳಿದರೆ ಎರಡು ಪುಟದ ಉತ್ತರ ಬರುತ್ತದೆ, ಅದರಲ್ಲಿ ಒಂದೂವರೆ ಪುಟ ನೀವೇ ಕಂಡುಹಿಡಿದ ಔಷಧಿಯದು.

ನೀವು ಹೊಸ ವ್ಯಾಪಾರ ಶುರುಮಾಡುತ್ತಿದ್ದೀರಿ ಎಂಬ ಸುದ್ದಿ ಇಲ್ಲಿ ಹಬ್ಬಿದೆ. ಚಪ್ಪಲಿ, ಷೂಗಳನ್ನು ಜೊತೆಯಾಗಿ ಅಲ್ಲ, ಒಂದೊಂದಾಗಿ ಆನ್‌ಲೈನಿನಲ್ಲಿ ಮಾರುವ ವ್ಯಾಪಾರ. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡೋಣ ಎಂದು ಕೂತಿದ್ದೇನೆ. ಆ ಸುದ್ದಿ ಹಬ್ಬಿಸಿದವಳು ನಾನು. ವ್ಯಾಪಾರವೂ ನನ್ನದು. ನಿಮ್ಮ ಹೆಸರನ್ನು ಕೆಲವು ವಾರಗಳ ಮಟ್ಟಿಗೆ ಎರವಲು ತೆಗೆದುಕೊಂಡಿದ್ದೆ. ಕೇಳದೆ ತೆಗೆದುಕೊಂಡೆ, ನಿಜ. ನನ್ನ ಸಂಬಳವನ್ನು ನೀವು ಕೇಳಿ ತೆಗೆದುಕೊಂಡ ನೆನಪು ನನಗೂ ಇಲ್ಲ. ಈ ಪತ್ರ ಕ್ಷಮೆ ಕೇಳುವುದಕ್ಕಲ್ಲ, ಹೆಸರನ್ನು ಹಿಂದಕ್ಕೆ ಕೊಡುವುದಕ್ಕೆ.

ಒಂಟಿ ಚಪ್ಪಲಿ, ಜೋಡಿ ಚಪ್ಪಲಿ ಎಂದ ಕೂಡಲೇ ನಿಮ್ಮ ತಲೆ ಎಲ್ಲಿಗೆ ಓಡುತ್ತದೆ ಎಂದು ನನಗೆ ಗೊತ್ತು. ಓಡಿಸಬೇಡಿ. ನಾವು ಬೇರೆ ಬೇರೆ ಊರಿನಲ್ಲಿ ಅಡುಗೆ ಮಾಡಿಕೊಳ್ಳತೊಡಗಿ ಆರು ವರ್ಷವಾಯಿತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಕಾಲಿಗೆ ಹಾಕುವ ಚಪ್ಪಲಿಯ ವಿಷಯ.

ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಇಷ್ಟು ವರ್ಷದ ಸಂಸಾರದಲ್ಲಿ ನೀವು ಒಂದು ಸಲವೂ ಕೇಳಲಿಲ್ಲ, ಆದ್ದರಿಂದ ಹೇಳುತ್ತೇನೆ. ಷೂಗಳು ಜೊತೆಜೊತೆಯಾಗಿ ಮೇಜಿಗೆ ಬರುತ್ತಿದ್ದವು. ಹೊಲಿಗೆ ನೋಡಬೇಕು, ಅಟ್ಟೆ ಒತ್ತಿ ನೋಡಬೇಕು, ಒಳಗೆ ಕೈ ಹಾಕಿ ಮೊಳೆಯೋ ಅಂಟಿನ ಗಂಟೋ ಇದೆಯೇ ಎಂದು ತಡಕಬೇಕು. ಎರಡರಲ್ಲಿ ಒಂದು ಕೆಟ್ಟಿದ್ದರೆ ಜೊತೆಯೇ ರಿಜೆಕ್ಟ್. ಕೆಟ್ಟದ್ದು ಒಂದು, ಶಿಕ್ಷೆ ಎರಡಕ್ಕೂ. ರಿಜೆಕ್ಟ್ ಆದದ್ದನ್ನು ಯಾರೂ ಹೊರಗೆ ಕೊಂಡುಹೋಗಿ ಹಾಕಿಕೊಳ್ಳಬಾರದೆಂದು ಚಾಕುವಿನಿಂದ ಮೇಲ್ಭಾಗವನ್ನು ಸೀಳಿ ಡಬ್ಬಿಗೆ ಎಸೆಯಬೇಕು. ಏಕೆಂದು ಕೇಳಿದರೆ ಕಂಪನಿಯ ಹೆಸರು ಕೆಡುತ್ತದೆ ಎನ್ನುತ್ತಿದ್ದರು. ಕಾರ್ಖಾನೆಯ ಹಿಂದಿನ ತಗಡಿನ ಮನೆಗಳಿಗೆ ಬೆಂಕಿ ಬಿದ್ದ ವರ್ಷ ಜನ ಬರಿಗಾಲಲ್ಲಿ ಗೇಟಿನ ಮುಂದೆ ನಿಂತಿದ್ದರು, ಒಳಗೆ ನಮ್ಮ ಕೈಯಲ್ಲಿ ಚಾಕು ಆಡುತ್ತಲೇ ಇತ್ತು. ಆ ವಾರ ಪತ್ರಿಕೆಗೆ ನಾನು ಬರೆದ ಪತ್ರ ಅಚ್ಚಾಯಿತು. ಪತ್ರಿಕೆಯವರು ನನ್ನ ಹೆಸರಿನ ಬದಲು 'ಒಬ್ಬ ಓದುಗ' ಎಂದು ಹಾಕಿದರು. ಓದುಗಿ ಎನ್ನುವಷ್ಟೂ ಧೈರ್ಯ ಅವರಿಗಿರಲಿಲ್ಲ.

ಈಗ ಆ ವಿಭಾಗವನ್ನೇ ಮುಚ್ಚಿದ್ದಾರೆ. ಯಂತ್ರ ತಂದಿದ್ದಾರೆ, ಕ್ಯಾಮರಾ ಇರುವ ಯಂತ್ರ. ನನ್ನ ಕೈಗೆ ಒಂದು ಗಂಟು ಕೊಟ್ಟು ಕಳಿಸಿದರು. ಒಂದೇ ಸಲ ಸಿಗುವ ಗಂಟು, ಇನ್ನೊಂದು ಸಿಗುವುದಿಲ್ಲ. ತಮ್ಮ ಅದನ್ನು ಬ್ಯಾಂಕಿನಲ್ಲಿಟ್ಟು ಅವನ ಮನೆಯ ಮಹಡಿಯ ಕೋಣೆಯಲ್ಲಿ ತೆಪ್ಪಗಿರು ಅನ್ನುತ್ತಾನೆ. "ಅಕ್ಕ, ನಿಂಗೇನು ಕಮ್ಮಿಯಾಗಿದೆ ಇಲ್ಲಿ?" ಎಂದು ಕೇಳುತ್ತಾನೆ. ಏನೂ ಕಮ್ಮಿಯಾಗಿಲ್ಲ. ದೀಪ ಹಾಕಿದರೆ ಕೆಳಗಿಂದ "ಅಕ್ಕ ಎದ್ದಿದಾರಾ?" ಎನ್ನುತ್ತಾರೆ. ಆರಿಸಿದರೆ "ಅಕ್ಕ ಮಲಗಿದ್ರಾ?" ಎನ್ನುತ್ತಾರೆ. ಒಳ್ಳೆಯ ಜನ, ನನ್ನನ್ನು ಗಾಜಿನ ಲೋಟದ ಹಾಗೆ ನೋಡಿಕೊಳ್ಳುತ್ತಾರೆ. ಆದರೆ ನನಗೆ ಬೇಕಾಗಿರುವುದು ನಾನೇ ಬೀಗ ಹಾಕಿ ನಾನೇ ತೆಗೆಯುವ ಒಂದು ಬಾಗಿಲು. ಟೈರ್ ಅಂಗಡಿಯ ಹಿಂದೆ ಒಂದು ಕೋಣೆ ನೋಡಿಟ್ಟಿದ್ದೆ. ಗಂಟು ಕರಗಿದರೆ ಆ ಬಾಗಿಲೂ ಇಲ್ಲ, ಸಾಯುವವರೆಗೂ ಮಹಡಿಯ ಕೋಣೆಯೇ ಗತಿ. ಇಷ್ಟು ತಿಳಿದೇ ಕೈ ಹಾಕಿದ್ದೇನೆ.

ಆಲೋಚನೆ ಸರಳವಾಗಿತ್ತು. ಕಾರ್ಖಾನೆಯ ಒಳ್ಳೆಯ ಒಂಟಿ ಷೂಗಳನ್ನು ಸೀಳುವ ಬದಲು ಗುಜರಿಯ ಬೆಲೆಗೆ ನನಗೆ ಕೊಡಲಿ. ಒಂದೇ ಕಾಲಿರುವವರು ಎಲ್ಲೆಲ್ಲೂ ಇದ್ದಾರೆ, ಅಂಗಡಿಯವರು ಅವರಿಗೂ ಎರಡರ ಬೆಲೆ ಹೇರುತ್ತಾರೆ. ಅವರಿಗೆ ನಾನು ಒಂದೊಂದೇ ಮಾರುತ್ತೇನೆ. ಮ್ಯಾನೇಜರಿಗೆ ಹೇಳಿದಾಗ, ತಿಂಗಳ ಕೊನೆಯೊಳಗೆ ಒಪ್ಪಂದಕ್ಕೆ ಸಹಿ ಹಾಕಿ ಮೊದಲ ರಾಶಿಯನ್ನು ಪೂರ್ತಿ ಎತ್ತಿದರೆ ಕೊಡುತ್ತೇನೆ ಎಂದ. ನಾನು ಅಂದೇ ಸಹಿ ಹಾಕುವವಳಿದ್ದೆ. ತಡೆದವಳು ಮಗಳು.

"ಅಮ್ಮ, ಮಾರೋ ವಸ್ತು ಆಮೇಲೆ ತಗೋ, ಮೊದ್ಲು ಕೊಳ್ಳೋರನ್ನ ಹುಡುಕು. ಹತ್ತು ಜನರ ಹತ್ರ ಮಾತಾಡು. ಅಪ್ಪನ ಹಾಗೆ ಮಾಡ್ಬೇಡ" ಎಂದಳು ಫೋನಿನಲ್ಲಿ. ಕೊನೆಯ ಮಾತು ನಾಟಿತು. ನಿಮ್ಮ ಗೌಜಲಕ್ಕಿ ಸಾಕಣೆ ನೆನಪಿದೆಯಲ್ಲ. ಗೂಡು ಬಂತು, ಹಕ್ಕಿ ಬಂತು, ಮೊಟ್ಟೆಯೂ ಬಂತು, ಕೊಳ್ಳುವವರೊಬ್ಬರು ಮಾತ್ರ ಬರಲಿಲ್ಲ. ಆಮೇಲೆ ಅಣಬೆ. ಆಮೇಲೆ ಗೆಳೆಯನ ಜೊತೆ ನೀರು ಶುದ್ಧಿ ಮಾಡುವ ಯಂತ್ರದ ಏಜೆನ್ಸಿ, ಅದಕ್ಕಾಗಿ ಊರನ್ನೇ ಬಿಟ್ಟಿರಿ. ನಾನು ಕೆಲಸ ಬಿಟ್ಟು ಹಿಂದೆ ಬರಲಿಲ್ಲ, ಏಜೆನ್ಸಿ ಬಿದ್ದ ಮೇಲೆ ನೀವು ಮುಖ ತೋರಿಸಲಾಗದೆ ಹಿಂದಿರುಗಲಿಲ್ಲ. ಇಷ್ಟೇ ನಮ್ಮ ಕಥೆ, ಮಿಕ್ಕ ಜಗಳವೆಲ್ಲ ಫೋನಿನಲ್ಲಿ ಆದದ್ದು. ನನ್ನ ತಮ್ಮ ನಿಮಗೆ 'ಐಡಿಯಾ ಭಾವ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಸರಿ, ಹುಡುಕೋಣ ಎಂದು ಮೊದಲು ಕುಟುಂಬದ ಮೊಬೈಲ್ ಗುಂಪಿನಲ್ಲಿ ಹಾಕಿದೆ. ಹೆಬ್ಬೆರಳುಗಳ ಸುರಿಮಳೆಯೇ ಆಯಿತು. "ಸೂಪರ್ ಅಕ್ಕ." "ದೊಡ್ಡಮ್ಮ ರಾಕ್ಸ್." "ಅತ್ತಿಗೆ, ನಿಮ್ಮ ತಲೆಯೇ ತಲೆ." ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ. ಮೂರನೆಯ ದಿನ, ನಿಮಗೆ ಗೊತ್ತಿರುವವರಲ್ಲಿ ಇಂಥ ಗಿರಾಕಿ ಯಾರಾದರೂ ಇದ್ದರೆ ನಂಬರು ಕೊಡಿ ಎಂದು ಕೇಳಿದೆ. ಗುಂಪು ಸತ್ತುಹೋಯಿತು. ಸಂಜೆಯ ಹೊತ್ತಿಗೆ ಯಾರೋ ಒಂದು ನಾಯಿಮರಿಯ ವೀಡಿಯೋ ಹಾಕಿದರು, ಎಲ್ಲರೂ ಅದರ ಹಿಂದೆ ಓಡಿದರು.

ಕೃತಕ ಕಾಲು ಕೂರಿಸುವ ಕೇಂದ್ರಕ್ಕೆ ಹೋದೆ. ಹೊರಗಿನ ಬೆಂಚಿನಲ್ಲಿ ಕಾದಿದ್ದವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಅಲ್ಲೂ ಅದೇ. "ಒಳ್ಳೆ ಕೆಲ್ಸ ಮೇಡಂ." "ಮಾಡಿ ಮೇಡಂ, ಪುಣ್ಯ ಬರುತ್ತೆ." ನನಗೆ ಬೇಕಾಗಿದ್ದದ್ದು ಪುಣ್ಯವಲ್ಲ, ಗಿರಾಕಿ. ಮನೆಗೆ ಬಂದು ಯೋಚಿಸಿದೆ. ಕಾರ್ಖಾನೆಯಲ್ಲಿ ನನ್ನ ಮೇಜಿನ ಹತ್ತಿರ ಬರಲು ಹೇಗೆ ಹೆದರುತ್ತಿದ್ದರು, ಮನೆಯಲ್ಲಿ ತಮ್ಮನ ಮಕ್ಕಳು ನನ್ನನ್ನು ಕಂಡರೆ ಕುರ್ಚಿಯಲ್ಲಿ ನೆಟ್ಟಗೆ ಹೇಗೆ ಕೂರುತ್ತಾರೆ ಎಂದೆಲ್ಲ ನೆನೆದರೆ ಕಾರಣ ತಿಳಿಯಿತು. ನನ್ನ ಮುಖ ನೋಡಿಕೊಂಡು 'ಇದು ಆಗಲ್ಲ' ಎನ್ನುವ ಎದೆ ಯಾರಿಗೂ ಇಲ್ಲ. ಒಬ್ಬರಿಗಿತ್ತು, ಅವರು ಊರು ಬಿಟ್ಟು ಆರು ವರ್ಷವಾಯಿತು.

ಅಂಥ ಸಮಯದಲ್ಲಿ ನಿಮ್ಮ ತಂಗಿ ಬಂದಳು. ಮೇಜಿನ ಮೇಲೆ ನಾನು ಹರವಿದ್ದ ಪಾದದ ನಕ್ಷೆಗಳನ್ನು ನೋಡಿ "ಇದೇನತ್ತಿಗೆ, ಹೊಸ ಹುಚ್ಚು?" ಎಂದಳು. ಗುಂಪಿನಲ್ಲಿ ಹೆಬ್ಬೆರಳು ಒತ್ತಿದ್ದವಳೇ, ನಾನು ಬರೆದದ್ದನ್ನು ಓದಿಯೇ ಇರಲಿಲ್ಲ. ಅವಳು ನನ್ನ ಹೊಸ ಸೀರೆಗೂ ಹಾಗೇ ಕೇಳುವವಳು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು: "ನಂದಲ್ಲಮ್ಮ, ನಿಮ್ಮಣ್ಣನದು. ನಂಗೆ ನೋಡು ಅಂತ ಕಳ್ಸಿದಾರೆ."

ಅಷ್ಟು ಸಾಕಾಯಿತು. ಅವಳು ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡಳು.

"ಅಣ್ಣಂಗೆ ಬುದ್ಧಿ ಯಾವಾಗ ಬರುತ್ತೋ. ಒಂಟಿ ಷೂ ಯಾರು ತಗೋತಾರೆ? ಹತ್ತು ಥರದ ಕಪ್ಪು ಇರುತ್ತೆ, ಇವರ ಹತ್ರ ಇರೋ ಎಡಗಾಲಿಂದು ಆ ಮನುಷ್ಯನ ಬಲಗಾಲಿಂದಕ್ಕೆ ಮ್ಯಾಚ್ ಆಗ್ಬೇಡ್ವಾ? ಸೈಜ್ ಸರಿಯಾಗ್ಲಿಲ್ಲ ಅಂತ ವಾಪಸ್ ಕಳಿಸಿದ್ರೆ ಆ ಖರ್ಚು ಯಾರಪ್ಪಂದು? ಕುಂಟ್ರು ಅಂದ್ರೆ ಏನು ಸಿಕ್ಕಿದ್ದು ಹಾಕ್ಕೋತಾರಾ? ಇವರಿಗೆ ಯಾರು ಹೇಳಿದ್ದು?"

ನಾನು ಕಣ್ಣು ಮಿಟುಕಿಸದೆ ಕೇಳಿದೆ. 'ಕುಂಟರು' ಎಂದದ್ದಕ್ಕೆ ಅವಳನ್ನು ಬೈದೆ, ಮಿಕ್ಕದ್ದಕ್ಕೆ ಚಹ ಮಾಡಿಕೊಟ್ಟೆ. ವಾರಗಟ್ಟಲೆ ಅಲೆದು ನಾನು ಸಂಪಾದಿಸದ ಸತ್ಯವನ್ನು ಅವಳು ನಿಮ್ಮ ಹೆಸರು ಕೇಳಿದ ತಕ್ಷಣ ಪುಕ್ಕಟೆ ಕೊಟ್ಟಿದ್ದಳು.

ಅಲ್ಲಿಂದ ಮುಂದೆ ಅದೇ ನನ್ನ ವಿಧಾನವಾಯಿತು. ಎಲ್ಲಿ ಹೋದರೂ ಮುಖ ಸಪ್ಪಗೆ ಮಾಡಿಕೊಂಡು, "ನಮ್ಮ ಯಜಮಾನ್ರು ಇಂಥದ್ದೊಂದು ಮಾಡ್ತಾರಂತೆ, ನಂಗಂತೂ ಸರಿ ಕಾಣ್ತಿಲ್ಲ, ನೀವೇನಂತೀರಿ?" ಎಂದು ಕೇಳುವುದು. ಜನರ ಬಾಯಿ ಕಟ್ಟೆ ಒಡೆದ ಹಾಗೆ ಹರಿಯುತ್ತದೆ. ಇನ್ನೊಬ್ಬರ ಗಂಡನಿಗೆ ಬುದ್ಧಿ ಹೇಳುವುದಕ್ಕಿಂತ ಸುಖ ಈ ಲೋಕದಲ್ಲಿ ಬೇರೆ ಇಲ್ಲ. ಮಗಳಿಗೆ ಹೇಳಿದರೆ ನಗುತ್ತಾ, "ಇದು ಯಾವ ಪುಸ್ತಕದಲ್ಲೂ ಇಲ್ಲಮ್ಮ" ಎಂದಳು. ಪುಸ್ತಕ ಬರೆದವರು ಹೆಂಡತಿಯರಾಗಿರಲಿಲ್ಲ.

ಕೃತಕ ಕಾಲಿನ ಕೇಂದ್ರಕ್ಕೆ ಮತ್ತೆ ಹೋದೆ. ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿರುವ ಒಬ್ಬರು ಹೋದ ಸಲ "ಒಳ್ಳೇದು ಮೇಡಂ" ಎಂದು ಮುಗುಳ್ನಕ್ಕವರು. ಇದು ಗಂಡನ ಯೋಚನೆ ಎಂದ ತಕ್ಷಣ ಅವರ ನಗು ಬೇರೆಯಾಯಿತು.

"ನಿಮ್ಮ ಯಜಮಾನ್ರಿಗೆ ಎರಡು ಕಾಲೂ ನೆಟ್ಟಗಿವೆ ಅಂತ ಕಾಣುತ್ತೆ" ಎಂದರು. ಪ್ಯಾಂಟನ್ನು ಸ್ವಲ್ಪ ಎತ್ತಿ ತೋರಿಸಿದರು. "ಇದು ಕೃತಕ ಪಾದ. ಇದಕ್ಕೂ ಷೂ ಬೇಕಲ್ವಾ? ಬರಿಗಾಲಲ್ಲಿ ಕೋರ್ಟಿಗೆ ಹೋಗ್ಲಾ? ನಂಗೆ ಬೇಕಾಗಿರೋದು ಎರಡೇ. ಅದೂ ಹಿಮ್ಮಡಿ ಇದೇ ಎತ್ತರ ಇರ್ಬೇಕು, ಒಂದಿಷ್ಟು ಹೆಚ್ಚುಕಮ್ಮಿ ಆದ್ರೆ ಮುಂದಕ್ಕೆ ಮುಗ್ಗರಿಸ್ತೀನಿ. ಒಂದು ಕಾಲು ಹೋಯ್ತು ಅಂದ್ರೆ ಒಂದು ಷೂ ಸಾಕು ಅಂತ ಲೆಕ್ಕ ಹಾಕಿದಾರಲ್ಲ, ಅವರು ಯಾವ ಸ್ಕೂಲಲ್ಲಿ ಓದಿದ್ರು?"

ನನ್ನ ಕಿವಿ ಬಿಸಿಯಾಯಿತು. ಅದು ನನ್ನ ಲೆಕ್ಕ. ಷೂಗಳನ್ನು ಇಷ್ಟು ವರ್ಷ ಒಳಗೂ ಹೊರಗೂ ತಡವಿದವಳು ನಾನು, ಆದರೆ ತಡವಿದ್ದೆಲ್ಲ ಖಾಲಿ ಷೂ. ಒಳಗಿನ ಕಾಲಿನ ಬಗ್ಗೆ ಯಾರೂ ನನಗೆ ತಪಾಸಣೆ ಕಲಿಸಿರಲಿಲ್ಲ. ನಾನು ಅಂದೇ ಸಹಿ ಹಾಕಿದ್ದರೆ ಗಂಟು ಪೂರ್ತಿ ಒಂದೊಂದು ಷೂವಾಗಿ ಟೈರ್ ಅಂಗಡಿಯ ಹಿಂದೆ ಕೊಳೆಯುತ್ತಿತ್ತು, ನಿಮ್ಮ ಗೌಜಲಕ್ಕಿಯ ಗೂಡುಗಳ ಹಾಗೆ. "ಹೇಳ್ತೀನಿ ಅವರಿಗೆ" ಎಂದೆ. "ಖಂಡಿತ ಹೇಳಿ" ಎಂದರು ಟೈಪಿಸ್ಟರು. ಇನ್ನೂ ಮುಗಿದಿರಲಿಲ್ಲ: "ಅಷ್ಟಾಗಿಯೂ ಮಾಡ್ಲೇಬೇಕು ಅಂದ್ರೆ, ಭಾರ ಎಲ್ಲ ಬೀಳೋದು ಒಳ್ಳೇ ಕಾಲಿನ ಮೇಲೆ. ಆ ಷೂ ಬೇಗ ಸವೆಯುತ್ತೆ, ಇನ್ನೊಂದು ಹೊಸದರ ಹಾಗೇ ಇರುತ್ತೆ. ಅದೇ ಮಾದರಿಯ ಒಂದೇ ಷೂ ಎಲ್ಲಾದ್ರೂ ಸಿಕ್ಕಿದ್ರೆ ತಗೋತೀನಿ. ಸಿಗಲ್ಲ. ನಿಮ್ಮ ಯಜಮಾನ್ರಿಗೆ ಇದೆಲ್ಲ ಎಲ್ಲಿ ಹೊಳೀಬೇಕು."

ಬೈಗುಳವನ್ನು ಹಣ್ಣು ಸುಲಿದ ಹಾಗೆ ಸುಲಿದು ನೋಡಿದರೆ ಒಳಗೆ ಒಬ್ಬ ಗಿರಾಕಿ ಇರುತ್ತಾನೆ. ಇದನ್ನು ನಾನು ಕಲಿತದ್ದು ಅಂದು.

ಆಮೇಲೆ ಸಿಕ್ಕವರು ಬ್ಯಾಂಕಿನ ಕ್ಯಾಷಿಯರಮ್ಮ. ಗಾಜಿನ ಹಿಂದೆ ಕೂತಾಗ ಯಾರಿಗೂ ಗೊತ್ತಾಗುವುದಿಲ್ಲ, ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಅವರ ಎಡ ಪಾದ ಬೆಳೆಯಲಿಲ್ಲ. ಬಲಗಾಲಿಗೆ ಐದು ನಂಬರು, ಎಡಗಾಲಿಗೆ ಮೂರು. ನಾನು ಗಂಟನ್ನು ಬ್ಯಾಂಕಿಗೆ ಹಾಕಲು ಹೋದಾಗ ಅವರು ಎದ್ದು ಒಳಗೆ ನಡೆದ ರೀತಿ ನೋಡಿ ಕಂಡುಹಿಡಿದೆ. ತಪಾಸಣೆಯ ಕಣ್ಣು, ಬಿಡುವುದಿಲ್ಲ. ಊಟದ ಬಿಡುವಿನಲ್ಲಿ ಹೊರಗೆ ಸಿಕ್ಕಾಗ ನಿಮ್ಮ ಕಥೆ ಬಿಟ್ಟೆ. ಅವರು ಮಾತ್ರ ಬೈಯಲಿಲ್ಲ. "ನಮ್ಮ ಮನೆಗೆ ಬನ್ನಿ, ಒಂದು ತೋರಿಸ್ತೀನಿ" ಎಂದರು.

ಅವರ ಮಲಗುವ ಕೋಣೆಯ ಬೀರುವಿನ ಕೆಳಗಿನ ಎರಡು ಅರೆಗಳ ತುಂಬ ಷೂ, ಸ್ಯಾಂಡಲ್. ಎಲ್ಲ ಹೊಸವು, ಒಂದರ ಅಟ್ಟೆಗೂ ಮಣ್ಣು ತಾಗಿಲ್ಲ. ಎಡಗಾಲಿನವೆಲ್ಲ ಐದು ನಂಬರು, ಬಲಗಾಲಿನವೆಲ್ಲ ಮೂರು. "ಪ್ರತಿ ಸಲ ಒಂದೇ ಥರದ್ದು ಎರಡು ಜೊತೆ ತಗೋತೀನಿ, ಒಂದು ಐದರದ್ದು, ಒಂದು ಮೂರರದ್ದು. ಒಂದೊಂದು ಹಾಕ್ಕೋತೀನಿ, ಮಿಕ್ಕಿದ್ದು ಇಲ್ಲಿಗೆ. ಎಸೀರಿ ಅಂತಾರೆ ನಮ್ಮನೇವ್ರು. ಹೊಸ ಚಪ್ಪಲಿ ಹೇಗ್ರೀ ಎಸೀಲಿ?" ಎಂದರು. ಕೊನೆಗೆ, "ಯಾರೋ ಒಬ್ರಿಗಾದ್ರೂ ಹೊಳೀತಲ್ಲ. ನಿಮ್ಮ ಯಜಮಾನ್ರು ಒಳ್ಳೆ ಮನುಷ್ಯರು ಕಣ್ರೀ. ಅವರಿಗೆ ನನ್ನ ನಮಸ್ಕಾರ ತಿಳ್ಸಿ" ಎಂದರು.

ತಿಳಿಸಿದ್ದೇನೆ. ನಿಜ ಹೇಳುತ್ತೇನೆ, ಬೈಗುಳ ನಿಮಗೆ ಹೋದಾಗ ನನಗೆ ಯಾವ ಸಂಕಟವೂ ಆಗಲಿಲ್ಲ. ಹೊಗಳಿಕೆ ಹೋದಾಗ ಮಾತ್ರ ಆ ಬೀರುವಿನ ಬಾಗಿಲನ್ನು ಧಡಾರನೆ ಹಾಕಬೇಕೆನಿಸಿತು. ಏಕೆಂದರೆ ನನ್ನ ನೆನಪು ಚೆನ್ನಾಗಿದೆ. ನಮ್ಮ ಬೀದಿಯ ಚರಂಡಿಗಾಗಿ ಅರ್ಜಿ ಬರೆದವಳು ನಾನು. ಕಾನೂನು ಹುಡುಕಿ, ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ತಿರುವಿ, ಮೂರು ಸಲ ತಿದ್ದಿ ಬರೆದೆ. ಸಭೆಯಲ್ಲಿ ಓದಿದವರು ನೀವು, ಗಂಡಸರ ದನಿ ದೂರ ಕೇಳುತ್ತದೆ ಎಂದು. ಚಪ್ಪಾಳೆ ಬಿತ್ತು, ಚರಂಡಿ ಬಂತು. ಇವತ್ತಿಗೂ ಆ ಬೀದಿಯವರು "ನಿಮ್ಮ ಯಜಮಾನ್ರು ತರಿಸಿದ ಚರಂಡಿ" ಎನ್ನುತ್ತಾರೆ. ನೀವು ಅಂದು ತಿರುಗಿ ನನ್ನತ್ತ ಕೈ ತೋರಿಸಿದ್ದರೆ ಸಾಕಿತ್ತು. ನೀವು ಮೈಕ್ ಸರಿಮಾಡುತ್ತಿದ್ದಿರಿ.

ಆದರೂ ಕ್ಯಾಷಿಯರಮ್ಮನ ಬೀರುವಿನ ಮುಂದೆ ನನಗೆ ಇನ್ನೊಂದು ಹೊಳೆಯಿತು, ಅದು ಸಿಟ್ಟಿಗಿಂತ ದೊಡ್ಡದು. ಎಲ್ಲೋ ಒಬ್ಬಳು ಹೆಂಗಸು ಇರಲೇಬೇಕು, ಎಡಗಾಲಿಗೆ ಐದು, ಬಲಗಾಲಿಗೆ ಮೂರು ಬೇಕಾದವಳು. ಅವಳ ಮನೆಯಲ್ಲೂ ಇಂಥದೇ ಬೀರು, ಒಳಗಿರುವುದೆಲ್ಲ ಇದರ ತಿರುವುಮುರುವು. ಒಂದೇ ಊರಿನಲ್ಲಿ ಇವರಿಬ್ಬರೂ ಎದುರುಬದುರು ಸಿಕ್ಕುವುದು ಅಪರೂಪ, ಸಿಕ್ಕರೂ ಕಾಲು ತೋರಿಸಿಕೊಳ್ಳುವುದಿಲ್ಲ. ಆನ್‌ಲೈನ್ ಎನ್ನುವುದು ಇದಕ್ಕಲ್ಲದೆ ಇನ್ನೇತಕ್ಕೆ? ಅಂಗಡಿಯಲ್ಲಿ ಸಿಗುವುದನ್ನೇ ಮನೆಗೆ ತರಿಸಿಕೊಳ್ಳುವುದಕ್ಕೆ ಕಾಲಿದೆ, ಬೀದಿಯಿದೆ.

ಕ್ಯಾಷಿಯರಮ್ಮನ ಒಪ್ಪಿಗೆ ಪಡೆದು ಆ ಚಪ್ಪಲಿಗಳ ಫೋಟೋ ತೆಗೆದೆ. ಮಗಳು ಒಂದು ಪುಟ ಮಾಡಿಕೊಟ್ಟಳು, ಅದರಲ್ಲಿ ಯಾರ ಹೆಸರೂ ಇಲ್ಲ. "ಹೊಸವು, ಬಳಸಿಲ್ಲ. ಎಡ ಐದು, ಬಲ ಮೂರು. ಯಾರಿಗೆ ಬೇಕು? ನಿಮ್ಮ ಬೀರುವಿನಲ್ಲಿ ಏನಿದೆ?" ಇಷ್ಟೇ ಬರೆದದ್ದು. ಮಾರಾಟವಿಲ್ಲ, ಬೆಲೆಯಿಲ್ಲ, ಬರೀ ಕೇಳಿ ನೋಡುವುದು. ಮೊದಲ ಮೂರು ದಿನ ಕುಚೋದ್ಯ ಮಾಡುವವರೇ ಬಂದರು. ಒಬ್ಬ, "ನನ್ನ ಹತ್ತಿರ ಎರಡು ಎಡಗಾಲಿದೆ, ಕುಣಿಯುವಾಗ ಹೆಂಡತಿ ಹಾಗನ್ನುತ್ತಾಳೆ" ಎಂದು ಬರೆದ. ಅವನಿಗೂ ಉತ್ತರ ಬರೆದೆ, ಹೆಂಡತಿಯ ನಂಬರು ಕಳಿಸಿ, ಖಚಿತಪಡಿಸಿಕೊಳ್ಳುತ್ತೇನೆ ಎಂದು. ಮತ್ತೆ ಪತ್ತೆಯಿಲ್ಲ.

ನಾಲ್ಕನೆಯ ದಿನ ಬಂದಳು ಅವಳು. ಎಲ್ಲಿಯವಳೋ, ಭೂಪಟದಲ್ಲಿ ಹುಡುಕಬೇಕಾಯಿತು. "ನನಗೆ ನೀವು ಹೇಳಿದ ಅಳತೆಯೇ. ಮದುವೆಗೆ ಮುಂಚಿನಿಂದ ಕೂಡಿಟ್ಟಿದ್ದೇನೆ. ಇಂಥವಳು ನಾನೊಬ್ಬಳೇ ಅಂದುಕೊಂಡಿದ್ದೆ" ಎಂದು ಬರೆದಿದ್ದಳು. ಅವಳನ್ನು ಕ್ಯಾಷಿಯರಮ್ಮನಿಗೆ ಫೋನಿನಲ್ಲಿ ಜೊತೆ ಮಾಡಿಸಿದೆ. ಅವರು ಮಾತಾಡಿದ್ದು ಚಪ್ಪಲಿಯ ಬಗ್ಗೆ ಸ್ವಲ್ಪ, ಬಸ್ಸಿನ ಮೆಟ್ಟಿಲು ಹತ್ತುವ ಬಗ್ಗೆ ಬಹಳ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಒಂದು ಕಾಲು ಊದಿಕೊಂಡವರು, ಅಪಘಾತದಲ್ಲಿ ಬೆರಳು ಹೋದವರು, ಗಾಯಕ್ಕೆ ಪಟ್ಟಿ ಕಟ್ಟಿದ್ದರಿಂದ ಒಂದು ದೊಡ್ಡದು ಬೇಕಾದವರು. ಇವರಲ್ಲಿ ಯಾರೂ ಪುಟದಲ್ಲಿ ಕಾಲಿನ ಅಳತೆ ತುಂಬಲಿಲ್ಲ, ಎಲ್ಲರೂ ಫೋನು ಮಾಡಿದರು. ಅದೂ ಒಂದು ಪಾಠ. ಕಾಲಿನ ವಿಷಯವನ್ನು ಜನ ಯಂತ್ರಕ್ಕೆ ಹೇಳುವುದಿಲ್ಲ, ಇನ್ನೊಬ್ಬಳು ಹೆಂಗಸಿಗೆ ಹೇಳುತ್ತಾರೆ. ಈಗ ಅವರಿಗೆ ಹಳೆಯ ಪತ್ರಿಕೆಯ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ಫೋಟೋ ಕಳಿಸಿ ಎನ್ನುತ್ತೇನೆ. ಪೊಟ್ಟಣದ ಉದ್ದ ನನಗೆ ಗೊತ್ತು, ಮಿಕ್ಕದ್ದು ಅಳೆದುಕೊಳ್ಳುತ್ತೇನೆ.

ಇಲ್ಲಿಯವರೆಗೆ ಎಲ್ಲ ನನ್ನ ಲೆಕ್ಕದ ಪ್ರಕಾರವೇ ನಡೆದಿತ್ತು. ಕೆಟ್ಟದ್ದು ಕಾರ್ಖಾನೆಯಲ್ಲಿ. ಟೈಪಿಸ್ಟರಿಗೆ ಬೇಕಾದ ಆ ಒಂದು ಸವೆದ ಷೂವಿನ ಬದಲಿಯಂಥವು ಕಾರ್ಖಾನೆಯಿಂದಲೇ ಬರಬೇಕು, ಪೂರ್ತಿ ರಾಶಿ ಬೇಡ, ಆರಿಸಿಕೊಂಡು ಸ್ವಲ್ಪ ತೆಗೆದುಕೊಳ್ಳುತ್ತೇನೆ ಎಂದು ಮ್ಯಾನೇಜರನ ಬಳಿ ಹೋದೆ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಇದು ನಿಮ್ಮ ಯಜಮಾನ್ರ ಬಿಸಿನೆಸ್ ಅಂತೆ ಮೇಡಂ" ಎಂದ. "ಅಗ್ರಿಮೆಂಟ್ ಅಂದ್ಮೇಲೆ ಅವ್ರೇ ಬರ್ಲಿ. ಸಹಿ ಅವ್ರದ್ದೇ ಆಗ್ಬೇಕಲ್ವಾ."

"ನಿಂಗೆ ಹೊಲಿಗೆ ನೋಡೋದು ಹೇಳ್ಕೊಟ್ಟಿದ್ದು ನಾನೋ, ನನ್ನ ಗಂಡನೋ?" ಎಂದು ಕೇಳಿದೆ.

"ನೀವೇ ಮೇಡಂ. ಆದ್ರೆ..."

ನಾನು ಸತ್ಯ ಹೇಳಿದೆ. ಯೋಚನೆ ನನ್ನದು, ದುಡ್ಡು ನನ್ನದು, ಗಂಡನ ಹೆಸರು ಹೇಳಿದ್ದು ಜನರ ಬಾಯಿ ಬಿಡಿಸಲಿಕ್ಕೆ, ಆ ಮನುಷ್ಯನಿಗೆ ಚಪ್ಪಲಿಯಲ್ಲಿ ಎಡ ಬಲವೂ ತಿಳಿಯದು. ಅವನು ಹಲ್ಲು ಕಿರಿದು ತಲೆ ಕೆರೆದುಕೊಂಡ. "ಹಾಗಾದ್ರೆ ಒಂದು ಕೆಲ್ಸ ಮಾಡಿ ಮೇಡಂ. ಇದಕ್ಕೂ ನನಗೂ ಸಂಬಂಧ ಇಲ್ಲ ಅಂತ ಅವ್ರ ಕೈಲಿ ಒಂದು ಕಾಗದ ಬರೆಸ್ಕೊಂಡ್ ಬನ್ನಿ. ನಾಳೆ ತಕರಾರು ಆಗ್ಬಾರ್ದು ನೋಡಿ."

ಕೇಳಿದಿರಾ? ಸಂಬಂಧ ಇದ್ದರೆ ನೀವೇ ಬರಬೇಕು, ಇಲ್ಲದಿದ್ದರೆ ನೀವೇ ಬರೆದುಕೊಡಬೇಕು. ನಾನು ನಡುವೆ ನಿಂತ ಅಂಚೆಯ ಡಬ್ಬಿ. ಅವನ ಮೇಲೆ ನನಗೆ ಆಶ್ಚರ್ಯವಿಲ್ಲ, ಅವನು ಕಲಿತ ಜಗತ್ತು ಅದೇ. ಆದರೆ ಮನೆಗೆ ಬಂದರೆ ತಮ್ಮನೂ ಅದೇ ರಾಗ ಹಾಡಿದ. "ಭಾವನ ಬಿಸಿನೆಸ್ಸಿಗೆ ನಿನ್ನ ದುಡ್ಡಾ ಅಕ್ಕ? ನಾನು ಬದುಕಿರೋವರೆಗೂ ಬಿಡಲ್ಲ." ಯೋಚನೆ ನನ್ನದು, ಮೊದಲು ಗುಂಪಿನಲ್ಲಿ ಬರೆದದ್ದೂ ನಾನೇ ಎಂದು ಹೇಳಿದರೆ ಅವನು ಮುಖ ನೋಡಿ, "ಭಾವನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯ" ಎಂದ. ಎರವಲು ಕೊಟ್ಟದ್ದನ್ನು ವಸೂಲಿ ಮಾಡುವುದಕ್ಕಿಂತ ಎರವಲು ಪಡೆದದ್ದನ್ನು ಹಿಂದಿರುಗಿಸುವುದು ಕಷ್ಟ ಎಂದು ಮೊದಲ ಸಲ ಗೊತ್ತಾಯಿತು. ನನ್ನ ಜಾಣತನ ನನಗೇ ಸುತ್ತಿಕೊಂಡಿತ್ತು.

ಆ ಕಾಗದ ಬರೆದುಕೊಡಿ ಎಂದು ನಿಮ್ಮನ್ನು ಕೇಳಲಿಕ್ಕೆ ಈ ಪತ್ರ ಎಂದು ನೀವು ಈಗ ಊಹಿಸುತ್ತಿರಬಹುದು. ಅಲ್ಲ. ಕೇಳಬೇಕೆಂದು ಒಂದು ಕ್ಷಣ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೀವಾಗಿದ್ದರೆ ಈ ಯೋಜನೆಯಲ್ಲಿ ಏನು ತಪ್ಪು ಹುಡುಕುತ್ತಿದ್ದಿರಿ ಎಂದು ಯೋಚಿಸುತ್ತಾ ಕೂತೆ. ಬೇರೆಯವರ ಯೋಜನೆಯಲ್ಲಿ ನಿಮ್ಮ ಕಣ್ಣು ಬಹಳ ಚುರುಕು, ನಿಮ್ಮದರಲ್ಲಿ ಮಾತ್ರ ಕುರುಡು. "ಮಾಲು ನಿನ್ನ ಹತ್ರ ಯಾಕೆ ಬರ್ಬೇಕು? ಎಲ್ಲರ ಮನೇಲೂ ಬಿದ್ದಿದೆಯಲ್ಲ" ಎನ್ನುತ್ತಿದ್ದಿರಿ, ಮೇಜಿನ ಮೇಲೆ ಬೆರಳು ಕುಟ್ಟುತ್ತಾ. ನಿಮ್ಮ ದನಿಯಲ್ಲೇ ಕೇಳಿಸಿತು. ಸರಿಯಾಗಿಯೇ ಕೇಳಿಸಿತು.

ಕ್ಯಾಷಿಯರಮ್ಮನ ಬೀರು ಇದೆ, ಭೂಪಟದ ಆ ಹೆಂಗಸಿನ ಬೀರು ಇದೆ, ಫೋನು ಮಾಡಿದವರೆಲ್ಲರ ಮಂಚದ ಕೆಳಗೂ ಒಂದು ಪೆಟ್ಟಿಗೆ ಇದೆ. ಯಾರದ್ದು ಯಾರಿಗೆ ಹೊಂದುತ್ತದೆ ಎಂದು ಹುಡುಕಿ, ಹಿಮ್ಮಡಿ ಅಳೆದು, ಬಣ್ಣ ನೋಡಿ, ಹೊಲಿಗೆ ಪರೀಕ್ಷಿಸಿ ಕಳಿಸುವುದಕ್ಕೆ ಅವರು ಕೂಲಿ ಕೊಡಲು ಸಿದ್ಧರಿದ್ದಾರೆ. ಅದು ನನಗೆ ಗೊತ್ತಿರುವ ಕೆಲಸ. ಟೈಪಿಸ್ಟರ ಷೂ ಕೂಡ ಯಾರದೋ ಮನೆಯಲ್ಲಿದೆ, ಹುಡುಕುತ್ತಿದ್ದೇನೆ. ರಾಶಿ ಕೊಳ್ಳುವುದು ಬೇಡ, ಗುಜರಿ ಬೇಡ, ಒಪ್ಪಂದ ಬೇಡ. ಗಂಟಿನ ಮುಕ್ಕಾಲು ಪಾಲು ಬ್ಯಾಂಕಿನಲ್ಲೇ ಇರುತ್ತದೆ, ತಮ್ಮ ನಿಶ್ಚಿಂತೆಯಾಗಿ ಉಸಿರಾಡಲಿ. ಕಾಲು ಪಾಲು ಟೈರ್ ಅಂಗಡಿಯ ಹಿಂದಿನ ಕೋಣೆಗೆ. ಮ್ಯಾನೇಜರನಿಗೆ ಹೋಗಿ ಹೇಳಿದೆ, ನಿನ್ನ ಚಾಕು ನೀನೇ ಇಟ್ಟುಕೋ ಎಂದು. "ಯಜಮಾನ್ರು ಒಪ್ಲಿಲ್ವಾ ಮೇಡಂ?" ಎಂದು ಕನಿಕರದಿಂದ ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡದೆ ಬಂದದ್ದು ನನ್ನ ಜೀವನದ ಅತಿ ದೊಡ್ಡ ಸಂಯಮ.

ನಿನ್ನೆ ಕುಟುಂಬದ ಗುಂಪಿನಲ್ಲಿ ಬರೆದೆ: "ಒಂಟಿ ಚಪ್ಪಲಿಯ ವ್ಯಾಪಾರ ನನ್ನದು. ಮೊದಲ ದಿನದಿಂದಲೂ ನನ್ನದೇ. ಅವರ ಹೆಸರಿನಲ್ಲಿ ನೀವು ಬೈದದ್ದನ್ನೆಲ್ಲ ಕೇಳಿಸಿಕೊಂಡು ಸರಿಮಾಡಿಕೊಂಡಿದ್ದೇನೆ. ಉಪಕಾರವಾಯಿತು. ನಾಳಿದ್ದಿನಿಂದ ಕೋಣೆಯ ಬಾಗಿಲು ತೆಗೆದಿರುತ್ತದೆ." ಹೆಬ್ಬೆರಳು ಒಂದೂ ಬರಲಿಲ್ಲ. ಒಳ್ಳೆಯ ಲಕ್ಷಣ, ಮೊದಲ ಸಲ ಎಲ್ಲರೂ ಓದಿದ್ದಾರೆ.

ಪುಟದ ಮೇಲೂ ನನ್ನ ಹೆಸರು ಹಾಕಿಸಿದ್ದೇನೆ. ದಪ್ಪಕ್ಷರದಲ್ಲಿ. ಇನ್ನು ನಿಮ್ಮ ಹೆಸರು ನಿಮ್ಮದು. ಸ್ವಲ್ಪ ಸವೆದಿದೆ, ಆದರೆ ತೆಗೆದುಕೊಂಡಾಗಲೂ ಹೊಸದಾಗೇನೂ ಇರಲಿಲ್ಲ.

ಕಾಗದಪತ್ರಗಳ ಪ್ರಕಾರ ಇನ್ನೂ ನಿಮ್ಮ ಹೆಂಡತಿ,
ವ್ಯಾಪಾರದ ಪ್ರಕಾರ ಮಾಲೀಕಳು

ತಾ.ಕ.: ನಿಮ್ಮ ಕಿವಿಗೆ ಬೀಳುವ ಮೊದಲು ಹೇಳುತ್ತೇನೆ ಎಂದು ಬರೆದದ್ದು ಸುಳ್ಳು. ಬಿದ್ದಾಗಿದೆ ಎಂದು ನನಗೆ ಗೊತ್ತಿತ್ತು. ನಿಮ್ಮ ತಂಗಿ, ನನ್ನ ತಮ್ಮ, ಚಿಕ್ಕಪ್ಪನ ಮಕ್ಕಳು, ಎಲ್ಲರೂ ಸರದಿಯ ಮೇಲೆ ನಿಮಗೆ ಫೋನು ಮಾಡಿ ಬೈದರಂತೆ. ಒಬ್ಬರಿಗೂ ನೀವು ಅಲ್ಲ ಎನ್ನಲಿಲ್ಲವಂತೆ. "ಹೌದು, ನಂದೇ ಐಡಿಯಾ, ಏನೀಗ?" ಎಂದಿರಂತೆ. ಚಪ್ಪಲಿ ಎಂದ ಕೂಡಲೇ ಇದು ಯಾರದ್ದೆಂದು ನಿಮಗೆ ತಿಳಿದಿರುತ್ತದೆ. ತಂಗಿ ಇದನ್ನು ಹೇಳಿದ ಮೇಲೆ ಈ ಪತ್ರವನ್ನು ಎರಡು ಸಲ ಹರಿದು ಬರೆದೆ. ಮುಂದಿನ ವಾರದಿಂದ ಯಾರಾದರೂ ಹೊಗಳಲು ಫೋನು ಮಾಡಬಹುದು. ಅವರಿಗೆ "ನಂದಲ್ಲ, ಅವಳದ್ದು" ಎನ್ನಿ. ಬೈಸಿಕೊಂಡದ್ದಕ್ಕಿಂತ ಅದು ಕಷ್ಟ. ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.